ದಿಬ್ಬಣದ ವಾಹನವನ್ನು ನಡಿಸುವವನ ನಿದ್ರೆ

ಬಂಧುಗಳ ಮನೆಯಲ್ಲಿ ಶುಭಕಾರ್ಯವು ನಡೆಯುವಾಗ, ಎಷ್ಟು ದೂರವಾದರೂ ಹೋಗಿ ಅವರ ಸಂತೋಷದಲ್ಲಿ ಪಾಲುಗಾರರಾಗುವದು ಯೋಗ್ಯವೆಂದು ಎಲ್ಲರೂ ಒಪ್ಪುವರು. ಕಳುಹಿಸಿಕೊಟ್ಟ ಉಡುಗೊರೆಯು ಎದುರಿಗೆ ಬಂದು ನಿಂತ ಮನುಷ್ಯನಿಗೆ ಸಮನಾಗದು. ಆದರೆ ನಮ್ಮ ಸಂತೋಷಕ್ಕೋಸ್ಕರ ಬೇರೊಬ್ಬನು ತನ್ನ ನಿದ್ರೆಯನ್ನೂ ಕೆಲವು ಸಾರಿ ಪ್ರಾಣವನ್ನೂ ಕೊಡಬೇಕಾಗುವದಾದರೆ, ಅದು ನ್ಯಾಯವೋ? ಪ್ರಿಯ ವಾಚಕರೇ, ಈ ಪ್ರಶ್ನೆಯನ್ನು ಸ್ವಲ್ಪ ವಿಚಾರಿಸೋಣ.

ಕರಾವಳಿಯ ಅನೇಕ ಕುಟುಂಬಗಳಿಗೆ ಮುಂಬಯಿಯಲ್ಲಿ ಬಂಧುಗಳುಂಟು. ಮಂಗಳೂರಿನಿಂದ ಅಲ್ಲಿಗೆ ರಸ್ತೆಯ ಮೇಲೆ ಸುಮಾರು 900 ಕಿಲೋಮೀಟರ್ ದೂರ. 66ನೆಯ ರಾಷ್ಟ್ರೀಯ ಹೆದ್ದಾರಿಯನ್ನು ಹಿಡಿದು, ಉಡುಪಿ, ಕುಂದಾಪುರ, ಭಟ್ಕಳ, ಹೊನ್ನಾವರಗಳನ್ನು ದಾಟಿ, ಕಾರವಾರದ ಬಳಿಯಲ್ಲಿ ಕಾಳೀ ಹೊಳೆಯನ್ನು ಕಳೆದು, ಗೋವೆಯನ್ನು ಹಾದು, ಕೊಂಕಣದ ಗುಡ್ಡಗಳನ್ನು ಏರಿಳಿದು ಪನವೇಲನ್ನು ಸೇರಬೇಕು. ಗಂಟೆಗೆ 50 ಕಿಲೋಮೀಟರಿನಂತೆ ಎಲ್ಲಿಯೂ ನಿಲ್ಲದೆ ಹೋದರೂ 18 ತಾಸು ಬೇಕು. ಹೀಗಿದ್ದರೂ ಒಂದು ದಿನದ ಕೂಲಿಯೂ ವಸತಿಯ ಖರ್ಚೂ ಉಳಿಯಲೆಂದು, ಮದುವೆಯ ಹಿಂದಣ ದಿನ ಮಧ್ಯಾಹ್ನ ಹೊರಟು ಮರುದಿನ ಬೆಳಿಗ್ಗೆ ಮುಟ್ಟಬೇಕೆಂದು ಬಾಡಿಗೆ ಮಾತಾಡುವವರು ಬಹಳ. ರಾತ್ರಿಯಾದ ಮೇಲೆ ಹಿಂದೆ ಕೂತವರು ಹಾಡು ಹರಟೆಗಳನ್ನು ಮುಗಿಸಿ ಮಲಗುತ್ತಾರೆ. ಮುಂದೆ ಕೂತ ಡ್ರೈವರನೊಬ್ಬನೇ ಎಚ್ಚರವಾಗಿರಬೇಕು. ಅವನು ಬೆಳಿಗ್ಗೆ ಎಷ್ಟು ಹೊತ್ತಿಗೆ ಎದ್ದನು, ಹಿಂದಣ ರಾತ್ರಿ ಬೇರೆ ಬಾಡಿಗೆಯನ್ನು ಮುಗಿಸಿ ಬಂದನೋ ಎಂದು ಕೇಳುವವರು ವಿರಳ.

ನಿದ್ರೆಯು ಸೋಮಾರಿತನವಲ್ಲ, ದೇಹದ ಅಗತ್ಯವು. 1997ರಲ್ಲಿ ಪ್ರಕಟವಾದ ಆಸ್ಟ್ರೇಲಿಯ ದೇಶದ ಪರಿಶೋಧನೆಯೊಂದರಲ್ಲಿ, 17 ತಾಸು ಎಚ್ಚರವಾಗಿದ್ದವರ ಕೈ ಕಣ್ಣುಗಳ ಚುರುಕು, 100 ಮಿಲಿಲೀಟರ್ ರಕ್ತದಲ್ಲಿ 50 ಮಿಲಿಗ್ರಾಂ ಮದ್ಯಸಾರವಿದ್ದವರ ಮಟ್ಟಕ್ಕೆ ಇಳಿದದ್ದು ಕಂಡುಬಂತು. ನಮ್ಮ ದೇಶದ 1988ರ ಮೋಟಾರು ವಾಹನ ಕಾಯಿದೆಯು 30 ಮಿಲಿಗ್ರಾಮನ್ನು ಮೀರಿದವನನ್ನೇ ಅಪರಾಧಿಯೆಂದು ಎಣಿಸುತ್ತದೆ. ಹಾಗಾದರೆ, ಕುಡಿದವನ ವಾಹನವನ್ನು ಹತ್ತಲು ಅಂಜುವ ನಾವು, ನಿದ್ದೆಗೆಟ್ಟವನ ವಾಹನದಲ್ಲಿ ಮಕ್ಕಳನ್ನು ಮಲಗಿಸುವದು ಹೇಗೆ? ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಹೋಗುವ ವಾಹನವು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತದೆ. ಮೂರು ಸೆಕೆಂಡು ರೆಪ್ಪೆ ಮುಚ್ಚಿದರೆ 66 ಮೀಟರ್ ದೂರ ಅದನ್ನು ನಡಿಸುವವರಿಲ್ಲ. 2022ರಲ್ಲಿ ಭಾರತದ ರಸ್ತೆಗಳಲ್ಲಿ 1,68,491 ಮಂದಿ ಮಡಿದರೆಂದು ಕೇಂದ್ರ ಸರಕಾರದ ವರದಿಯು ಹೇಳುತ್ತದೆ.

“ಅವನು ಕೂಲಿಗೆ ಒಪ್ಪಿ ಬಂದವನಲ್ಲವೇ?” ಎಂದು ಕೆಲವರು ಕೇಳುವರು. ಇದಕ್ಕೆ ಉತ್ತರವೇನಂದರೆ, ಬಾಡಿಗೆಯ ಹೆಚ್ಚು ಪಾಲು ವಾಹನದ ಯಜಮಾನನಿಗೆ ಸಲ್ಲುವಲ್ಲಿ, ದಿನದ ಬಾಟಾವನ್ನು ನಂಬಿದವನು ಒಲ್ಲೆನೆನ್ನುವದು ಸುಲಭವಲ್ಲ. ಇಕ್ಕಟ್ಟಿನಿಂದ ಬಂದ ಒಪ್ಪಿಗೆಯನ್ನು ಪೂರ್ಣ ಒಪ್ಪಿಗೆಯೆಂದು ತಿಳಿಯಲಾಗದು. ಇದನ್ನರಿತೇ 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆಯು ದಿನಕ್ಕೆ 8 ತಾಸಿನ ಕೆಲಸವನ್ನೂ, 5 ತಾಸಿನ ಮೇಲೆ ಅರ್ಧ ತಾಸಾದರೂ ವಿಶ್ರಾಂತಿಯನ್ನೂ ವಿಧಿಸಿತು. ಅಲ್ಲದೆ “ನನಗೆ ನಿದ್ದೆ ಬಂದಿಲ್ಲ” ಎಂದು ಅವನೇ ಹೇಳಿದರೂ ಅದನ್ನು ನೆಚ್ಚಲಾಗದು. ಯಾಕಂದರೆ ತೂಕಡಿಕೆಯು ಮನುಷ್ಯನ ವಿವೇಚನೆಯನ್ನೂ ಕೆಡಿಸುವದು.

“ತಡವಾದರೆ ಬೀಗರು ಬೇಸರಪಡುವರು” ಎಂಬದು ಇನ್ನೊಂದು ಮಾತು. ಬೀಗರ ಬೇಸರವು ಒಂದು ಊಟದಲ್ಲಿ ತೀರುವದು. ಮಡಿದವನ ಹೆಂಡತಿಯ ದುಃಖವು ಹಾಗೆ ತೀರದು. ತಡವಾಗದ ಉಪಾಯಗಳೂ ಉಂಟು. ಒಂದು ದಿನ ಮುಂಚಿತವಾಗಿ ಹೊರಟು ನಡುದಾರಿಯಲ್ಲಿ ತಂಗಬಹುದು. ಇಬ್ಬರು ಡ್ರೈವರರನ್ನು ಕರೆದೊಯ್ಯಬಹುದು. ಮನೆಗಿಬ್ಬರಂತೆ ಹೋಗಿ, 1998ರಲ್ಲಿ ಪೂರ್ಣವಾಗಿ ತೆರೆದ ಕೊಂಕಣ ರೈಲುಮಾರ್ಗದಲ್ಲಿ ಪ್ರಯಾಣ ಮಾಡಬಹುದು. ಇವುಗಳಿಗೆ ಹಣ ತಗಲುವದು ನಿಜ. ಆದರೆ ಸೀರೆಗೂ ಆಭರಣಕ್ಕೂ ಸಾಲ ಮಾಡುವಾಗ ನೋಡದ ಲೆಕ್ಕವನ್ನು ಒಬ್ಬನ ನಿದ್ರೆಯ ವಿಷಯದಲ್ಲಿ ಮಾತ್ರ ನೋಡುವದು ನ್ಯಾಯವಲ್ಲ.

ಮದುವೆಯ ಮನೆಯನ್ನು ಮುಟ್ಟಿದ ಮೇಲೆಯೂ ನಮ್ಮ ಕರ್ತವ್ಯವು ತೀರಲಿಲ್ಲ. ಎಲ್ಲರೂ ಉಂಡೆದ್ದ ತರುವಾಯ ಅವನಿಗೆ ಎಲೆ ಹಾಕಿಸುವದೂ, ಬಿಸಿಲಿಗೆ ಕಾದ ವಾಹನದಲ್ಲಿ ಅವನನ್ನು ಮಲಗಬಿಡುವದೂ ಅನೇಕ ಕಡೆಗಳಲ್ಲಿ ರೂಢಿಯಾಗಿದೆ. ಅದೇ ಸಾಯಂಕಾಲ ಹಿಂತಿರುಗುವ ದಾರಿಯಲ್ಲಿ ನಮ್ಮ ಪ್ರಾಣವು ಅವನ ಕೈಯಲ್ಲೇ ಇರುತ್ತದಲ್ಲಾ! ಆದಕಾರಣ ಅವನನ್ನು ಮೊದಲನೆಯ ಪಂಕ್ತಿಗೆ ಕರೆಯಿರಿ. ಸದ್ದಿಲ್ಲದ ಕೋಣೆಯಲ್ಲಿ ಚಾಪೆಯನ್ನು ಹಾಸಿಕೊಡಿರಿ. ಅವನು ತಾನಾಗಿ ಏಳುವ ತನಕ ಯಾರೂ ಎಬ್ಬಿಸದಂತೆ ನೋಡಿಕೊಳ್ಳಿರಿ. ಮುಂದಿನ ದಿಬ್ಬಣಕ್ಕೆ ವಾಹನವನ್ನು ಗೊತ್ತುಮಾಡುವಾಗ, ಕಿಲೋಮೀಟರಿಗೆ ಎಷ್ಟೆಂದು ಕೇಳುವ ಮೊದಲು, ಅದನ್ನು ನಡಿಸುವವನನ್ನು ಹತ್ತಿರ ಕರೆದು, “ಅಣ್ಣಾ, ನಿನ್ನೆ ರಾತ್ರಿ ಎಷ್ಟು ಹೊತ್ತು ಮಲಗಿದಿರಿ?” ಎಂದು ಕೇಳಿರಿ.