ಪರರ ಮನಸ್ಸನ್ನು ಅರಿಯುವ ಅಧಿಕಾರ

ಉಮಾಸ್ವಾಮಿ ಆಚಾರ್ಯರು ತತ್ತ್ವಾರ್ಥಸೂತ್ರದಲ್ಲಿ ಜ್ಞಾನವನ್ನು ಐದು ವಿಧವಾಗಿ ನಿರೂಪಿಸಿದ್ದಾರೆ. ಅವುಗಳಲ್ಲಿ ನಾಲ್ಕನೆಯದಾದ ಮನಃಪರ್ಯಯವು ಪರರ ಮನಸ್ಸಿನಲ್ಲಿರುವುದನ್ನು ನೇರವಾಗಿ ಅರಿಯುವ ಜ್ಞಾನ. ಮೂರನೆಯದಾದ ಅವಧಿಜ್ಞಾನವು ದೇವತೆಗಳಿಗೂ ನಾರಕಿಗಳಿಗೂ ಹುಟ್ಟಿನಿಂದಲೇ ಉಂಟು, ಶ್ರಾವಕನಿಗೂ ಉಂಟಾಗಬಹುದು. ಮನಃಪರ್ಯಯವಾದರೋ ಸಂಯಮಿಗಳಾದ ಮುನಿಗಳಿಗೆ, ಅವರಲ್ಲಿಯೂ ಚಾರಿತ್ರವು ವರ್ಧಿಸುತ್ತಿರುವ ಋದ್ಧಿಧಾರಿಗಳಿಗಲ್ಲದೆ ಬೇರಾರಿಗೂ ಇಲ್ಲವೆಂದು ಪೂಜ್ಯಪಾದರು ಸರ್ವಾರ್ಥಸಿದ್ಧಿಯಲ್ಲಿ ವಿವರಿಸಿದ್ದಾರೆ. ದೇವೇಂದ್ರನಿಗೂ ದೊರೆಯದ ಈ ಅಧಿಕಾರವನ್ನು ಇಂದು ಯಂತ್ರವು ಕೊಡಹೊರಟಿದೆ. ಯಂತ್ರವನ್ನು ಹಿಡಿದವನ ಸಂಯಮವೆಷ್ಟು ಎಂದು ಕೇಳುವವರು ವಿರಳ.

ವಿಷಯ ಹೊರನಾಡಿನದಲ್ಲ. ಈ ಶತಮಾನದ ಮೊದಲ ದಶಕದಲ್ಲಿ ಬೆಂಗಳೂರಿನ ವಿಧಿವಿಜ್ಞಾನ ಪ್ರಯೋಗಾಲಯದಲ್ಲಿ ಆರೋಪಿಗಳಿಗೆ ಮಂಪರು ಪರೀಕ್ಷೆ, ಬ್ರೈನ್ ಮ್ಯಾಪಿಂಗ್ ನಡೆದವು. ತಲೆಗೆ ವಿದ್ಯುದಗ್ರಗಳನ್ನು ತೊಡಿಸಿ, ಘಟನೆಗೆ ಸಂಬಂಧಿಸಿದ ವಾಕ್ಯಗಳನ್ನು ಕೇಳಿಸಿ, ಮೌನವಾಗಿ ಕುಳಿತವನ ಮಿದುಳಿನ ವಿದ್ಯುತ್ ಚಲನೆಯಿಂದ ಅವನ ನೆನಪನ್ನು ಊಹಿಸುವುದು ಬ್ರೈನ್ ಮ್ಯಾಪಿಂಗಿನ ಕ್ರಮ. ನಿಮ್ಹಾನ್ಸ್ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿಯು 2008ರಲ್ಲಿ ಇದನ್ನು ವೈಜ್ಞಾನಿಕವೆಂದು ಒಪ್ಪಲಿಲ್ಲ. ಸೆಲ್ವಿ ವಿರುದ್ಧ ಕರ್ನಾಟಕ ರಾಜ್ಯ ಎಂಬ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2010ರ ಮೇ 5ರಂದು, ಒಪ್ಪಿಗೆಯಿಲ್ಲದೆ ಇಂಥ ಪರೀಕ್ಷೆ ನಡೆಸುವುದು ಸಂವಿಧಾನದ 20 ಮತ್ತು 21ನೆಯ ವಿಧಿಗಳಿಗೆ ವಿರುದ್ಧವೆಂದು ತೀರ್ಪಿತ್ತಿತು. ಗುರುವಿನೆದುರು ಆಲೋಚನೆ ಮಾಡುವವನು ತನ್ನ ದೋಷವನ್ನು ತಾನೇ ಬಾಯಿಬಿಟ್ಟು ಹೇಳಬೇಕೆಂಬ ಪದ್ಧತಿಯುಳ್ಳ ಜೈನರಿಗೆ ಈ ತೀರ್ಪು ಅಪರಿಚಿತವೆನಿಸದು.

ಆದರೆ ತೀರ್ಪು ಕಾಯುವುದು ಒಪ್ಪದವನನ್ನು. ನೌಕರಿ ಬೇಕಾದವನು, ಸಾಲ ಬೇಕಾದವನು ಯಾವುದಕ್ಕೆ ತಾನೆ ಒಪ್ಪುವುದಿಲ್ಲ?

ಸತ್ಯಾಣುವ್ರತದ ಐದು ಅತಿಚಾರಗಳಲ್ಲಿ ಕೂಟಲೇಖಕ್ರಿಯೆ, ನ್ಯಾಸಾಪಹಾರಗಳನ್ನು ವ್ಯಾಪಾರಸ್ಥರು ಬಲ್ಲರು. ಕಡೆಯದಾದ ಸಾಕಾರಮಂತ್ರಭೇದವನ್ನು ನೆನೆಯುವವರು ಕಡಿಮೆ. ಅಂಗವಿಕಾರ, ಹುಬ್ಬಿನ ಚಲನೆ ಮೊದಲಾದವುಗಳಿಂದ ಪರರ ಅಭಿಪ್ರಾಯವನ್ನು ಅರಿತು, ಅಸೂಯೆ ಮುಂತಾದ ಕಾರಣಗಳಿಂದ ಅದನ್ನು ಹೊರಗೆಡಹುವುದೇ ಈ ದೋಷ. ಇಳಕಲ್ಲಿನ ಪೇಟೆಯಲ್ಲಿ, ಸೀರೆ ತಂದ ನೇಕಾರನ ಮುಖ ನೋಡಿಯೇ ಅವನಿಗೆ ಹಣದ ಜರೂರು ಎಷ್ಟಿದೆಯೆಂದು ತಿಳಿಯಬಲ್ಲ ವರ್ತಕರುಂಟು. ತಿಳಿಯುವುದು ವ್ಯವಹಾರಚಾತುರ್ಯ. ಅದನ್ನು ನೆರೆಯ ಅಂಗಡಿಗೂ ಮುಟ್ಟಿಸಿ, ಎಲ್ಲರೂ ಕೂಡಿ ದರ ಇಳಿಸಿದರೆ, ನೇಕಾರನು ಆ ದರಕ್ಕೆ ಒಪ್ಪಿಯೇ ಸೀರೆ ಕೊಟ್ಟಿದ್ದರೂ ದೋಷ ತಪ್ಪದು. ಕಾನೂನು ಒಪ್ಪಿಗೆಯನ್ನು ಕೇಳಿ ಸುಮ್ಮನಾಗುತ್ತದೆ; ವ್ರತವು ಅರಿತವನನ್ನೇ ಕಟ್ಟುತ್ತದೆ. ಹುಬ್ಬಿನ ಚಲನೆಗೇ ಇಷ್ಟು ಎಚ್ಚರ ವಹಿಸಿದ ಶಾಸ್ತ್ರವು ಮಿದುಳಿನ ತರಂಗಕ್ಕೆ ಅದಕ್ಕಿಂತ ಕಡಿಮೆ ಎಚ್ಚರವನ್ನು ಕೇಳೀತೆ?

ಚಿಕಿತ್ಸೆಯ ಮಾತು ಬೇರೆ. 2024ರ ಜನವರಿಯಲ್ಲಿ ಅಮೆರಿಕದ ನ್ಯೂರಾಲಿಂಕ್ ಸಂಸ್ಥೆಯ ಸಾಧನವನ್ನು ಮಿದುಳಿನಲ್ಲಿ ಅಳವಡಿಸಿಕೊಂಡ, ಕೈಕಾಲು ಸ್ವಾಧೀನವಿಲ್ಲದ ವ್ಯಕ್ತಿಯೊಬ್ಬನು ಸಂಕಲ್ಪಮಾತ್ರದಿಂದ ಕಂಪ್ಯೂಟರ್ ನಡೆಸಿದನು. ಇದು ಔಷಧದಾನಕ್ಕೆ ಸಮೀಪವಾದ ಕಾರ್ಯ. ಇದನ್ನು ನಿಂದಿಸುವುದು ಅವಿವೇಕ.

ಚಿಂತೆ ಹುಟ್ಟಿಸುವುದು ಶಾಲೆ. ಚೀನಾದ ಝೆಜಿಯಾಂಗ್ ಪ್ರಾಂತದ ಪ್ರಾಥಮಿಕ ಶಾಲೆಯೊಂದರಲ್ಲಿ ಮಕ್ಕಳ ಹಣೆಗೆ ಪಟ್ಟಿ ಕಟ್ಟಿ, ಪಾಠದಲ್ಲಿ ಗಮನವೆಷ್ಟಿದೆಯೆಂದು ಅಳೆದು ಶಿಕ್ಷಕರಿಗೂ ಪಾಲಕರಿಗೂ ತಿಳಿಸುತ್ತಿದ್ದ ಸಂಗತಿ 2019ರಲ್ಲಿ ಬಯಲಾಯಿತು. ಜನರ ಆಕ್ಷೇಪದಿಂದ ಅದು ನಿಂತಿತು. ಜೈನ ಸಮಾಜದ ಟ್ರಸ್ಟುಗಳೂ ಶಾಲೆ, ವಿದ್ಯಾರ್ಥಿನಿಲಯಗಳನ್ನು ನಡೆಸುತ್ತಿವೆ. ಇಂಥ ಪಟ್ಟಿಯನ್ನು ಮಾರಲು ಯಾರಾದರೂ ಬಂದಾಗ ಆಡಳಿತ ಮಂಡಳಿಯು ಬೆಲೆ ಕೇಳುವುದು ಸಹಜ. ಅಳೆದ ವಿವರ ಯಾರ ಕೈ ಸೇರುವುದು, ಎಷ್ಟು ವರ್ಷ ಉಳಿಯುವುದು, ಮಗು ಬೇಡವೆಂದರೆ ಪಟ್ಟಿಯನ್ನು ಬಿಚ್ಚುವವರು ಯಾರು ಎಂಬುದನ್ನು ಬೆಲೆಗಿಂತ ಮೊದಲು ಕೇಳಿ, ಉತ್ತರವನ್ನು ಠರಾವಿನಲ್ಲಿ ಬರೆಸಿಕೊಳ್ಳಬೇಕು.