ತಿತಿಕ್ಷೆಯೂ ಚಿಕಿತ್ಸೆಯ ಕಾಲವೂ

ಪಾರ್ಕಿನ್ಸನ್ ರೋಗಿಯೊಬ್ಬ ಮಿದುಳಿನ ಶಸ್ತ್ರಚಿಕಿತ್ಸೆಗೆ ಯಾವಾಗ ಒಪ್ಪಬೇಕು? ಡಾಕ್ಟರನ್ನು ಕೇಳಿದ ಈ ಪ್ರಶ್ನೆಯನ್ನು ನಾನು ಓದಿದ, ಮಕ್ಕಳಿಗೆ ಓದಿಸಿದ ಗ್ರಂಥಗಳಿಗೂ ಕೇಳಿದ್ದೇನೆ. ನಾನೂ ಅಂಥ ರೋಗಿಯೇ. ನನಗೀಗ ಐವತ್ತೇಳು, ಸಂಸ್ಕೃತ ಮೇಷ್ಟ್ರು, ಇನ್ನೂ ಪಾಠ ಹೇಳುತ್ತಿದ್ದೇನೆ.

"ಪ್ರಾರಬ್ಧ ಕಣೋ, ಅನುಭವಿಸಿಯೇ ತೀರಬೇಕು" ಎನ್ನುತ್ತಾನೆ ನಮ್ಮಣ್ಣ. ಅವನ ಮಾತಿಗೆ ಆಧಾರವಿದೆ. ಶಂಕರರ ಹೆಸರಿನಲ್ಲಿರುವ ವಿವೇಕಚೂಡಾಮಣಿಯ ಪ್ರಕಾರ, ಪರಿಹಾರ ಹುಡುಕದೆ, ಗೋಳಾಡದೆ ದುಃಖ ಸಹಿಸುವುದೇ ತಿತಿಕ್ಷೆ. ಆದರೆ ಅದು ಎಲ್ಲವನ್ನೂ ಬಿಟ್ಟು ಮೋಕ್ಷಕ್ಕೆ ಹೊರಟವನ ಸಾಧನೆ. ನಾನು ಗೃಹಸ್ಥ. ಈ ರೋಗಕ್ಕೆ ನುಂಗುವ ಸಿಂಡೋಪಾ ಮಾತ್ರೆಯ ಪ್ರಭಾವ ಇಳಿದಾಗ ನನ್ನನ್ನು ಮಂಚದಿಂದ ಎಬ್ಬಿಸಿ ಪಂಚೆ ಉಡಿಸುವವಳು ನನ್ನ ಹೆಂಡತಿ. ನಾನು ಸಹಿಸುತ್ತೇನೆಂದರೆ ಭಾರ ಹೊರುವವಳು ಅವಳು. ಇನ್ನೊಬ್ಬರ ಸೊಂಟ ಮುರಿಯುವ ಸಹನೆಯನ್ನು ಧರ್ಮ ಎನ್ನಲಾರೆ.

ಡೀಪ್ ಬ್ರೇನ್ ಸ್ಟಿಮ್ಯುಲೇಶನ್ (ಡಿಬಿಎಸ್) ಎಂಬ ಈ ಶಸ್ತ್ರಚಿಕಿತ್ಸೆಯಲ್ಲಿ ಮಿದುಳಿನ ಆಳಕ್ಕೆ ಸೂಕ್ಷ್ಮ ತಂತಿ ಇಳಿಸಿ, ಎದೆಯ ಚರ್ಮದಡಿ ಇಟ್ಟ ಸಾಧನದಿಂದ ವಿದ್ಯುತ್ ಹರಿಸುತ್ತಾರೆ. ಇದು ರೋಗವನ್ನು ತಡೆಯುವುದಿಲ್ಲ. ನಡುಕವೊಂದನ್ನು ಬಿಟ್ಟರೆ, ಮಾತ್ರೆಗೆ ಬಗ್ಗುವ ಲಕ್ಷಣಗಳೇ ಸಾಮಾನ್ಯವಾಗಿ ಇದಕ್ಕೂ ಬಗ್ಗುತ್ತವೆ. ಮಾತ್ರೆಯೇ ಸಾಕಾಗುವ ಮೊದಲ ವರ್ಷಗಳಲ್ಲಿ ರಕ್ತಸ್ರಾವ, ಸೋಂಕಿನ ಅಪಾಯಕ್ಕೆ ತಲೆ ಕೊಡುವುದು ತರವಲ್ಲ. ಬುದ್ಧಿ ಮಂಕಾಗಿ, ಮಾತ್ರೆ ನುಂಗಿದರೂ ಆಯತಪ್ಪಿ ಬೀಳುವಂತಾದ ಮೇಲೆ ಮಾಡಿಸಿಕೊಂಡರೆ ಫಲ ಕಡಿಮೆ. ಸಕಾಲವೆಂಬುದು ಇವೆರಡರ ನಡುವೆ ಇದೆ.

ಫ್ರಾನ್ಸಿನ ಗ್ರೆನೋಬಲ್‌ನಲ್ಲಿ 1987ರಲ್ಲಿ ವೈದ್ಯರಾದ ಬೆನಾಬಿಡ್ ಮತ್ತು ಪೊಲಾಕ್ ಈ ವಿಧಾನವನ್ನು ರೂಪಿಸತೊಡಗಿದರು. ಮುಂದೆ ಬಹುಕಾಲ ಇದನ್ನು ಕೊನೆಯ ಉಪಾಯವೆಂದೇ ಎಣಿಸಲಾಗಿತ್ತು. 2013ರಲ್ಲಿ ಪ್ರಕಟವಾದ ಅರ್ಲಿಸ್ಟಿಮ್ ಅಧ್ಯಯನ ಆ ಎಣಿಕೆಯನ್ನು ಬದಲಿಸಿತು. ಜರ್ಮನಿ, ಫ್ರಾನ್ಸಿನ 251 ರೋಗಿಗಳು; ಎಲ್ಲರೂ ಅರವತ್ತು ಮೀರದವರು, ಮಾತ್ರೆಯ ಪ್ರಭಾವದಲ್ಲಿ ಏರಿಳಿತ ಶುರುವಾಗಿ ಹೆಚ್ಚೆಂದರೆ 3 ವರ್ಷವಾದವರು. ಶಸ್ತ್ರಚಿಕಿತ್ಸೆಯೂ ಆದವರ ಜೀವನದ ಗುಣಮಟ್ಟ 2 ವರ್ಷಗಳಲ್ಲಿ ಸರಾಸರಿ ಶೇ 26ರಷ್ಟು ಸುಧಾರಿಸಿತು. ಬರೀ ಔಷಧಿಯಲ್ಲಿದ್ದವರಿಗೆ ಸುಧಾರಣೆ ಕಾಣಲಿಲ್ಲ.

ಯೋಗವಾಸಿಷ್ಠದಲ್ಲಿ ವಸಿಷ್ಠರು ರಾಮನಿಗೆ ಹೇಳುವುದೂ ಕೊನೆಯವರೆಗೆ ಕಾಯದೆ ಸಕಾಲದಲ್ಲಿ ಯತ್ನಿಸಬೇಕೆಂಬುದಕ್ಕೆ ಹತ್ತಿರದ ಮಾತು: ದೈವವೆಂದರೆ ನಾವೇ ಹಿಂದೆ ಮಾಡಿದ ಯತ್ನ, ಇಂದಿನ ಯತ್ನಕ್ಕೆ ಅದನ್ನು ಗೆಲ್ಲುವ ಬಲವಿದೆ. ರೋಗ ಬಂದದ್ದು ಪ್ರಾರಬ್ಧವಾದರೆ, ಚಿಕಿತ್ಸೆಗೆ ಸಕಾಲ ಒದಗಿದ್ದೂ ಪ್ರಾರಬ್ಧವೇ. ಒಂದನ್ನು ಶಿರಸಾವಹಿಸಿ ಇನ್ನೊಂದನ್ನು ತಿರಸ್ಕರಿಸುವುದು ಯಾವ ನ್ಯಾಯ?

ಆದ್ದರಿಂದ ನಾನು ಒಪ್ಪಿದ್ದೇನೆ. ಶಸ್ತ್ರಚಿಕಿತ್ಸೆಯ ನಂತರವೂ ರೋಗ ಮುಂದುವರಿಯುತ್ತದೆ. ತಿತಿಕ್ಷೆ ನನಗೆ ಬೇಕಾಗುವುದು ಆಗ. ಮಾತ್ರೆಯಿಂದ ಮಾತ್ರೆಗೆ ಅಂತರ ಕಿರಿದಾಗುತ್ತಿರುವವರು ಹಣೆಬರಹದ ಹೆಸರಿನಲ್ಲಿ ದಿನ ತಳ್ಳಬೇಡಿ. ಡಿಬಿಎಸ್ ನನಗೆ ತಕ್ಕದ್ದೇ ಎಂದು ನರರೋಗ ತಜ್ಞರನ್ನು ಈಗಲೇ ಕೇಳಿ.