ಮೈಲಿಗೆಯೆಂದ ರಕ್ತವೇ ಕೂಸಿನ ಕಾವಲು

ಹೆತ್ತವಳು ಮೈಲಿಗೆಯೇ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಕೆಲವು ಗೊಲ್ಲರಹಟ್ಟಿಗಳಲ್ಲಿ ಬಾಣಂತಿಯನ್ನೂ ಹಸುಗೂಸನ್ನೂ ಹಟ್ಟಿಯಾಚೆಯ ಗುಡಿಸಲಿನಲ್ಲಿಡುವ ಪದ್ಧತಿಗೆ, ಹೌದೆಂಬ ನಂಬಿಕೆಯೇ ಬುನಾದಿ. ಸೂತಕವೆಂದರೆ ಸೋಂಕು ತಡೆಯಲು ಹಿರಿಯರು ಕಂಡುಕೊಂಡ ಉಪಾಯವೆಂದು ಸಮರ್ಥಿಸುವವರೂ ಇದ್ದಾರೆ. ಹಾಗಿದ್ದರೆ ಅದನ್ನು ಸೋಂಕಿನ ಒರೆಗೇ ಹಚ್ಚಿ ನೋಡಬೇಕು. ಹಸುಗೂಸಿನ ಧನುರ್ವಾಯುವಿಗಿಂತ ತಕ್ಕ ಒರೆ ಇನ್ನೊಂದಿಲ್ಲ.

ಈ ರೋಗದ ಬ್ಯಾಕ್ಟೀರಿಯಾ, ಕ್ಲಾಸ್ಟ್ರಿಡಿಯಂ ಟೆಟಾನಿ, ಮಣ್ಣಿನಲ್ಲೂ ದನಕುರಿಗಳ ಸಗಣಿ, ಹಿಕ್ಕೆಗಳಲ್ಲೂ ಬೀಜಕಣವಾಗಿ ವರ್ಷಗಟ್ಟಲೆ ಉಳಿಯುತ್ತದೆ. ಹೊಕ್ಕುಳಬಳ್ಳಿಯನ್ನು ಕೊಳೆಯಾದ ಕುಡುಗೋಲಿನಿಂದಲೋ ಬ್ಲೇಡಿನಿಂದಲೋ ಕೊಯ್ದಾಗ, ಗಾಯಕ್ಕೆ ಸಗಣಿ ಬೂದಿ ಮೆತ್ತಿದಾಗ ಒಳಹೊಕ್ಕು ವಿಷ ಕಾರುತ್ತದೆ. ಮೊದಲೆರಡು ದಿನ ಚೆನ್ನಾಗಿ ಹಾಲು ಚೀಪಿದ ಕೂಸು, 3ರಿಂದ 28ನೇ ದಿನದೊಳಗೆ ಚೀಪಲಾರದೆ ದವಡೆ ಬಿಗಿದು ಸೆಟೆಯುತ್ತದೆ. ಬೆಳಕಿಗೂ ಸದ್ದಿಗೂ ಸೆಳವು ಬರುತ್ತದೆ. ಆಸ್ಪತ್ರೆಯಲ್ಲಿ ಇಮ್ಯುನೊಗ್ಲಾಬ್ಯುಲಿನ್, ಮೆಟ್ರೊನಿಡಜೋಲ್, ಸೆಳವು ತಗ್ಗಿಸುವ ಔಷಧ, ಉಸಿರಾಟಕ್ಕೆ ನೆರವು ಕೊಡುತ್ತಾರೆ. ಆದರೆ ಆಗಲೇ ನರಕ್ಕೆ ಅಂಟಿದ ವಿಷವನ್ನು ಬಿಡಿಸುವ ಮದ್ದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 1988ರಲ್ಲಿ ಜಗತ್ತಿನಲ್ಲಿ 7,87,000 ಹಸುಗೂಸುಗಳು ಇದರಿಂದ ಸತ್ತವು. ಭಾರತದಲ್ಲಿ ಇದು ವಿರಳವಾಗಿ, 2015ರಲ್ಲಿ ನಿವಾರಣೆಯ ಮನ್ನಣೆ ಸಿಕ್ಕಿದ್ದು ಶುದ್ಧ ಹೆರಿಗೆಯಿಂದ, ಬಸುರಿಯರಿಗೆ ಕೊಟ್ಟ ಚುಚ್ಚುಮದ್ದಿನಿಂದ. ಮಣ್ಣಿನ ಬೀಜಕಣಗಳು ಮಾತ್ರ ಎಲ್ಲಿಗೂ ಹೋಗಿಲ್ಲ.

ಧನುರ್ವಾಯು ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ಅಪಾಯವಿರುವುದು ಗಾಯಕ್ಕೆ ತಾಗುವ ಮಣ್ಣಿನಲ್ಲಿ, ತಾಯಿಯಲ್ಲಲ್ಲ. ಚುಚ್ಚುಮದ್ದು ಪಡೆದವಳ ರಕ್ತದ ಪ್ರತಿಕಾಯಗಳು ಗರ್ಭದಲ್ಲೇ ಕೂಸಿಗೆ ದಾಟಿ, ಹುಟ್ಟಿದ ಮೇಲೂ ಕಾಯುತ್ತವೆ. ಮೈಲಿಗೆಯೆಂದು ನಾವು ದೂರವಿಟ್ಟ ರಕ್ತವೇ ಕೂಸಿನ ರಕ್ಷೆ. ಬಾಣಂತಿಗೆ ವಿಶ್ರಾಂತಿ ಬೇಕು, ಬಂದುಹೋಗುವವರ ಕಾಟವಿರಬಾರದು ಎಂಬುದು ಸರಿಯೇ. ಹಾಗಾದರೆ ಅವಳಿಗೆ ಸಲ್ಲಬೇಕಾದ್ದು ಮನೆಯ ಅತ್ಯಂತ ಬೆಚ್ಚನೆಯ ಕೋಣೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಾಚೆಯ ಗುಡಿಸಲಿನಲ್ಲಿದ್ದ ಕೂಸು ಸತ್ತಿದ್ದು ಧನುರ್ವಾಯುವಿನಿಂದಲ್ಲ, ಮಳೆಚಳಿಗೆ ಸಿಕ್ಕಿ. ಕಾರಣ ಯಾವುದಾದರೂ ಗುಡಿಸಲು ಕಾಯಲಿಲ್ಲ.

ಸೂತಕ ವಿಜ್ಞಾನದ ಮಾತಲ್ಲ, ದೈವದ ಮಾತು ಎನ್ನುವವರ ಭಯವನ್ನು ಹಗುರವಾಗಿ ಕಾಣಬಾರದು. ಆದರೆ ಜನನಸೂತಕವಿಲ್ಲವೆಂದು 12ನೇ ಶತಮಾನದ ಶರಣರು ಸಾರಿದ್ದು ದೈವವನ್ನು ಬಿಟ್ಟಲ್ಲ, ನಂಬಿಯೇ. ದನ ಕಾಯ್ದ ಜುಂಜಪ್ಪನನ್ನು ಪೂಜಿಸುವ ಈ ಹಟ್ಟಿಗಳ ಜನಕ್ಕೆ ಈಯುವ ಜೀವದ ಆರೈಕೆಯನ್ನು ಹೊರಗಿನವರು ಕಲಿಸಬೇಕಿಲ್ಲ. ಇಂಥ ಬಹಿಷ್ಕಾರ ತಡೆಯುವ ಕಾಯ್ದೆಯನ್ನು ಕರ್ನಾಟಕ 2017ರಲ್ಲೇ ಮಾಡಿದೆ. ಕಾಯ್ದೆ ಗುಡಿಸಲನ್ನು ಕೆಡವಬಲ್ಲದು, ಭಯವನ್ನಲ್ಲ. ಭಯ ಕಳೆಯಬೇಕಾದವರು ಹಟ್ಟಿಯ ಪೂಜಾರಿಗಳು, ಹಿರಿಯರು. ಹೆತ್ತವಳನ್ನು ಒಳಗೆ ಕರೆದರೆ ದೇವರು ಮುನಿಯುವುದಿಲ್ಲವೆಂದು ಅವರು ಬಾಯಿಬಿಟ್ಟು ಹೇಳುವುದು ಧರ್ಮಕ್ಕೆ ಮಾಡುವ ದ್ರೋಹವಲ್ಲ, ಧರ್ಮವೇ ಅದು.